ತೊಟ್ಟೀಲ ಕೂಸು ನಕ್ಕಿತ್ತ

ಕೊಕ್‌ತೆಪಾ
12 ಜೂನ್ 1983

ಪ್ರೀತಿಯ ನಾರ್ಮುರಾದ್ ಅಣ್ಣನಿಗೆ ತಂಗಿ ರಿಸೋಲತ್‌ಳ ಸಲಾಮು.

ನೀವು ಪತ್ರಿಕೆಯಲ್ಲಿ ಕವಿತೆಗಳ ಸಂಪಾದಕರಾದ ಸುದ್ದಿಯನ್ನು ಅವ್ವ ಓಣಿಯಲ್ಲೆಲ್ಲ ಹಂಚಿ ಬಂದಳು. ‘ಸಂಪಾದಕ ಅಂದ್ರ ಏನಬೇ?’ ಎಂದು ಪಕ್ಕದ ಮನೆಯ ಮುದುಕಿ ಕೇಳಿದಳಂತೆ. ‘ಮಂದಿ ಬರದದ್ದರಾಗ ಕಳೆ ತಗಿಯೋ ಕೆಲಸ’ ಎಂದಳಂತೆ ಅವ್ವ. ‘ಅಷ್ಟಕ್ಕ ತಾಷ್ಕೆಂಟಿಗೆ ಯಾಕ ಹೋಗಬೇಕಿತ್ತು, ಇಲ್ಲೇ ಬೇಕಾದಷ್ಟು ಕಳೆ ಐತಲ್ಲ’ ಎಂದು ಮುದುಕಿ ನಕ್ಕಳಂತೆ.

ತಮ್ಮ ಎಶ್‌ಮುರಾದ್ ಈಗ ಟ್ರಾಕ್ಟರ್ ಹೊಡೆಯುತ್ತಾನೆ. ಅವನ ಹೆಂಡತಿ ಬೀಬಿಸಾರಾ ಜರ್ದಾಳು ಹೂಬಿಟ್ಟಾಗ ಗಂಡುಮಗು ಹೆತ್ತಳು. ಇಕ್ರೊಮ್ ಎಂದು ಹೆಸರಿಟ್ಟಿದ್ದೇವೆ. ಗಂಡ ಸತ್ತು ತವರಿಗೆ ಬಂದಾಗಿನಿಂದ ಈ ಮನೆಯಲ್ಲಿ ನಾನು ಇಷ್ಟು ನಕ್ಕಿರಲಿಲ್ಲ. ಬೀಬಿಸಾರಾ ತೊಟ್ಟಿಲನ್ನು ಹೊಲಕ್ಕೇ ಹೊತ್ತು ತರುತ್ತಾಳೆ, ಬದುವಿನ ಹಿಪ್ಪುನೇರಳೆಯ ನೆರಳಿಗಿಟ್ಟು ಹತ್ತಿಯ ಸಾಲಿನಲ್ಲಿ ಕಳೆ ತೆಗೆಯುತ್ತಾಳೆ.

ಹೊಲದ ಹಾಡು ಕಳಿಸು ಎಂದಿರಿ. ನಾನು ಶುರು ಮಾಡುತ್ತೇನೆ, ಹಿಂದಿನ ಸಾಲಿನವರು ಎತ್ತಿಕೊಳ್ಳುತ್ತಾರೆ, ಕಡೆಯ ಸಾಲು ಹೆಚ್ಚಾಗಿ ಬೀಬಿಸಾರಾಳದೇ. ಅವಳಿಗೆ ಮಾತು ಕಡಿಮೆ. ಆದರೆ ಮುಗಿಸುವುದು ಗೊತ್ತು. ನಮ್ಮ ತಂಡದ ಮೇಸ್ತ್ರಿ ಹೋಲ್ಮತ್‌ನ ಮೇಲೆ ಹೋದ ಕೊಯ್ಲಿನಲ್ಲಿ ಕಟ್ಟಿದ್ದು ಇದು:

ಹತ್ತೀಯ ಚೀಲಾವ ತಕ್ಕಡಿಗೆ ಇಟ್ಟಾಗ
ಒತ್ತೀಲಿ ನಿಂತ ಹೋಲ್ಮತ್ತ – ತೂಗಿದರ
ಹೊಟ್ಟೀಯ ತುದಿಯೂ ಕುಂತಿತ್ತ!

ಹೊಟ್ಟೆಯ ಸಾಲು ಬೀಬಿಸಾರಾಳದು. ಇನ್ನೊಂದನ್ನು, ಕಾಲುವೆಗೆ ನೀರು ಬಿಟ್ಟ ದಿನದ ಹಾಡನ್ನು, ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಬೈಯಬೇಡಿ.

ರಿಸೋಲತ್

*

ತಾಷ್ಕೆಂಟ್
3 ಜುಲೈ 1983

ಮುದ್ದು ತಂಗಿ,

ಹೋಲ್ಮತ್ತನ ಹೊಟ್ಟೆಯನ್ನು ಇಡೀ ಕಚೇರಿಗೆ ಓದಿ ಹೇಳಿದೆ. ಬೆರಳಚ್ಚು ಮಾಡುವ ಹುಡುಗಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಅಚ್ಚು ಹಾಕುವಂತಿಲ್ಲ. ಮೇಸ್ತ್ರಿಯ ಹೊಟ್ಟೆಯೂ ಸರ್ಕಾರದ ಸ್ವತ್ತೇ, ತಿಳಿಯಿತೆ?

ನೀರಿನ ಹಾಡು ಮಾತ್ರ ಬಂಗಾರ. ಮುಂದಿನ ಸಂಚಿಕೆಗೆ ಹಾಕಿದ್ದೇನೆ, ನಿನ್ನ ಹೆಸರಿನಲ್ಲಿ. ಇಲ್ಲಿಯ ಕವಿಗಳು ಹತ್ತಿಯ ಬಗ್ಗೆ ಬರೆಯುತ್ತಾರೆ; ಅವರು ಹತ್ತಿ ಕಂಡಿರುವುದು ದಿಂಬಿನೊಳಗೆ. ನೀನು ಬರೆದರೆ ಮಣ್ಣಿನ ವಾಸನೆ ಬರುತ್ತದೆ. ನಿನ್ನನ್ನು ದೊಡ್ಡವಳನ್ನಾಗಿ ಮಾಡುತ್ತೇನೆ, ನೋಡುತ್ತಿರು.

ಒಂದು ಬುದ್ಧಿಮಾತು: ಅವರ ಸಾಲು, ಇವರ ಸಾಲು ಎಂದು ಹೇಳುತ್ತ ಕೂರಬೇಡ. ಪಟ್ಟಣದಲ್ಲಿ ಒಂದು ಕವಿತೆಗೆ ಒಬ್ಬಳೇ ತಾಯಿ. ಕೊಯ್ಲಿನ ಮೇಲೆ ಒಂದು ಹಾಡು ಕಟ್ಟು. ಇಕ್ರೊಮ್‌ನ ಕೆನ್ನೆಗೆ ಅವನ ದೊಡ್ಡಪ್ಪನ ಮುತ್ತು.

ನಿನ್ನ ಅಣ್ಣ

*

ಕೊಕ್‌ತೆಪಾ
9 ನವೆಂಬರ್ 1983

ಅಣ್ಣ,

ಇಕ್ರೊಮ್ ತೀರಿಕೊಂಡ.

ತಂತಿ ಕೊಡೋಣವೆಂದರೆ ಎಶ್‌ಮುರಾದ್ ಬೇಡವೆಂದ. ಅವನು ಯಾರೊಡನೆಯೂ ಮಾತಾಡುತ್ತಿಲ್ಲ. ಆದದ್ದನ್ನು ನಾನೇ ಬರೆಯುತ್ತೇನೆ.

ಹತ್ತಿ ಬಿಡಿಸುವ ಮೊದಲು ಎಲೆ ಉದುರಿಸಲು ವಿಮಾನ ಬಂದು ಮದ್ದು ಸುರಿಯುತ್ತದಲ್ಲ, ಈ ವರ್ಷ ನಾವು ಹೊಲದಲ್ಲಿರುವಾಗಲೇ ಬಂತು. ನಾವೆಲ್ಲ ಬದುವಿಗೆ ಓಡಿದೆವು. ಹೋಲ್ಮತ್ ಕೈ ಅಡ್ಡ ಹಿಡಿದ. ‘ಎಲ್ಲಿಗೆ ಓಡ್ತೀರಿ? ಮದ್ದು ಎಲಿಗೆ ಐತಿ, ನಿಮಗಲ್ಲ’ ಎಂದ. ಬೀಬಿಸಾರಾ ಅವನ ತೋಳು ಕಚ್ಚಿ ನುಗ್ಗಿದಳು. ತಲೆವಸ್ತ್ರ ಬಿಚ್ಚಿ ತೊಟ್ಟಿಲ ಮೇಲೆ ಹಾಕಿದಳು, ಅದರ ಮೇಲೆ ತಾನೇ ಕವುಚಿ ಬಿದ್ದಳು. ವಸ್ತ್ರ ಒದ್ದೆಯಾಗಿತ್ತು. ಮಗು ಮೊದಲು ಕೆಮ್ಮಿತು, ಆಮೇಲೆ ಹಾಲು ಬಿಟ್ಟಿತು, ಕಣ್ಣು ಹಳದಿಯಾದವು. ಆಸ್ಪತ್ರೆಯವರು ‘ಹುಟ್ಟುತ್ತಲೇ ಬಲ ಇರಲಿಲ್ಲ’ ಎಂದು ಬರೆದುಕೊಟ್ಟರು. ನೀವು ಅವನನ್ನು ನೋಡಿರಲಿಲ್ಲ. ಮುಷ್ಟಿಯಲ್ಲಿ ನನ್ನ ಜಡೆ ಹಿಡಿದರೆ ಬಿಡಿಸಿಕೊಳ್ಳಲು ಇಬ್ಬರು ಬೇಕಾಗುತ್ತಿತ್ತು.

ಬರಿದಾದ ತೊಟ್ಟಿಲ ಸುತ್ತ ಹೆಂಗಸರು ಕೂತು ಅಳುವಾಗ ನಾನು ಎರಡು ಸಾಲು ಎತ್ತಿದೆ. ಬೀಬಿಸಾರಾ ಅಲ್ಲಿಯವರೆಗೆ ಅತ್ತಿರಲಿಲ್ಲ. ಮೂರನೆಯ ಸಾಲು ಹೇಳಿದಳು, ಹೇಳಿ ಬಾಯಿ ಮುಚ್ಚಿಕೊಂಡಳು.

ಬೆಳ್ಳಾನ ಹಕ್ಕೊಂದು ಬೆಳ್ಳೀಯ ಹನಿ ಸುರಿಸಿ
ಎಳ್ಳಷ್ಟೂ ಎಲೆಯ ಉಳಿಸಾದೆ – ಹೋದಾಗ
ತೊಟ್ಟೀಲದಾಗೂ ಎಲೆ ಬಿತ್ತ.

ಇದನ್ನು ಅಚ್ಚು ಹಾಕಿಸಿ ಅಣ್ಣ. ಇಬ್ಬರ ಹೆಸರೂ ಇರಲಿ. ದೊಡ್ಡವರು ಯಾರಾದರೂ ಓದಿದರೆ, ಮುಂದಿನ ವರ್ಷ ಮಕ್ಕಳು ಹೊಲದಿಂದಾಚೆ ಹೋಗುವವರೆಗಾದರೂ ವಿಮಾನ ಕಾಯಲಿ ಎಂದು ಒಂದು ಮಾತು ಹೇಳಿಯಾರು. ನಿಮ್ಮ ಹತ್ತಿರ ನಾನು ಏನನ್ನೂ ಬೇಡಿದವಳಲ್ಲ.

ರಿಸೋಲತ್

*

ತಾಷ್ಕೆಂಟ್
2 ಡಿಸೆಂಬರ್ 1983

ನನ್ನ ರಿಸೋಲತ್,

ಕಚೇರಿಯ ಬಾಗಿಲು ಹಾಕಿಕೊಂಡು ಅತ್ತೆ. ಎಶ್‌ಮುರಾದ್‌ನ ಹೆಗಲ ಮೇಲೆ ನನ್ನ ಕೈ ಇಟ್ಟಂತೆ ಎಂದು ಅವನಿಗೆ ಹೇಳು. ಬೀಬಿಸಾರಾ ಇನ್ನೂ ಚಿಕ್ಕವಳು, ದೇವರು ಮತ್ತೆ ಕೊಡುತ್ತಾನೆ.

ಹಾಡು ಓದಿದೆ. ಮೊದಲ ಎರಡು ಸಾಲು ಎಂಥವು ಎಂದು ನಿನಗೇ ಗೊತ್ತಿಲ್ಲ. ಕಡೆಯ ಸಾಲಿನಲ್ಲಿ ಪ್ರಾಸ ಕೂಡುವುದಿಲ್ಲ. ಬೆಳ್ಳ, ಎಳ್ಳು ಆದಮೇಲೆ ತೊಟ್ಟಿಲು ಎಲ್ಲಿಂದ ಬಂತು? ಸ್ವಲ್ಪ ನೋಡುತ್ತೇನೆ. ನನ್ನ ಮೇಲೆ ಬಿಡು.

ಒಂದು ಫೋಟೊ ಬೇಕಾಗುತ್ತದೆ. ಹತ್ತಿ ಗಿಡದ ನಡುವೆ ನಿಂತದ್ದು. ಮುಖ ಗಂಟು ಹಾಕಿಕೊಳ್ಳಬೇಡ.

ನಿನ್ನ ಅಣ್ಣ

*

ಕೊಕ್‌ತೆಪಾ
11 ಮಾರ್ಚ್ 1984

ಅಣ್ಣನಿಗೆ,

ಮಹಿಳೆಯರ ದಿನದ ಸಭೆಯಲ್ಲಿ ಹೋಲ್ಮತ್ ನಿಮ್ಮ ಪತ್ರಿಕೆ ಹಿಡಿದು ವೇದಿಕೆ ಹತ್ತಿದ. ‘ನಮ್ಮೂರ ಹೆಣ್ಣಮಗಳು ತಾಷ್ಕೆಂಟಿನ ಪತ್ರಿಕಿಯೊಳಗ! ವಿಮಾನದ ಮ್ಯಾಲೆ ಹಾಡು ಬರದಾಳ!’ ಎಂದು ಧ್ವನಿವರ್ಧಕದಲ್ಲಿ ಓದಿದ. ನನಗೆ ಒಳಗೊಳಗೇ ಸಂತೋಷ. ಇವನ ಬಾಯಿಂದಲೇ ಇವನ ಪಾಪ ಹೊರಬೀಳುತ್ತದೆ ಎಂದು ಬೀಬಿಸಾರಾಳ ಕೈ ಒತ್ತಿ ಹಿಡಿದೆ.

ಕಡೆಯ ಸಾಲು ಅಂತ ಓದಿದ್ದು ಏನು ಗೊತ್ತೇ? ‘ತೊಟ್ಟೀಲ ಕೂಸು ನಕ್ಕಿತ್ತ.’

ಕೆಳಗೆ ನನ್ನೊಬ್ಬಳ ಹೆಸರು. ಪಕ್ಕದಲ್ಲಿ ನನ್ನ ಫೋಟೊ.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಲ್ಮತ್‌ನ ಹೆಂಡತಿ ಹಿಂದಿನಿಂದ ಬಗ್ಗಿ, ‘ಬೀಬಿಸಾರಾ, ನಿನ್ನ ಕೂಸು ಮದ್ದಿನ ಮಳಿಯಾಗ ನಗ್ತಿತ್ತಂತಲ್ಲ! ನಾವು ಅಳ್ತಿತ್ತು ಅಂತ ಕೇಳಿದ್ವಿ’ ಎಂದಳು. ಬೀಬಿಸಾರಾ ಚಹಾದ ಬಟ್ಟಲು ಕೆಳಗಿಟ್ಟಳು. ‘ನಕ್ಕಿತ್ತು. ರಿಸೋಲತ್ ಅಕ್ಕ ನೋಡ್ಯಾಳ’ ಎಂದು ಎದ್ದು ಹೋದಳು.

ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಒಂದೇ ಒಲೆ, ಒಂದೇ ತಂದೂರು. ನಾನು ತಟ್ಟಿದ ರೊಟ್ಟಿಯನ್ನು ಮುಟ್ಟುವುದಿಲ್ಲ. ನಾನಲ್ಲ ತಿದ್ದಿದ್ದು ಎಂದು ಕಾಲು ಹಿಡಿದು ಹೇಳಿದೆ. ನಾನು ಗೋಡೆಯೊಡನೆ ಮಾತಾಡುತ್ತಿದ್ದೇನೋ ಎಂಬಂತೆ ದಾಟಿ ಹೋದಳು.

ಪ್ರಾಸ ಕೂಡಲಿಲ್ಲ ಎಂದಿರಿ. ನಿಮ್ಮ ಸಾಲಿಗೂ ಕೂಡಿಲ್ಲವಲ್ಲ ಅಣ್ಣ?

ತಪ್ಪಾಯಿತೆಂದು ಪತ್ರಿಕೆಯಲ್ಲಿ ಹಾಕಿ.

ರಿಸೋಲತ್

*

ತಾಷ್ಕೆಂಟ್
15 ಏಪ್ರಿಲ್ 1984

ತಂಗಿ,

ಮೊದಲು ಒಂದು ಲೋಟ ನೀರು ಕುಡಿ. ಆಮೇಲೆ ಇದನ್ನು ಓದು.

ಸತ್ತ ಕೂಸನ್ನು ಯಾರು ಅಚ್ಚು ಹಾಕುತ್ತಾರೆ? ಆ ಸಾಲನ್ನು ಹಾಗೆಯೇ ಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ನಿಮ್ಮ ಮನೆ ಬಾಗಿಲಿಗೆ ಹಿಡಿದೊಯ್ಯುವ ಜನ ಬರುತ್ತಿದ್ದರು. ಬೀಬಿಸಾರಾಳ ಹೆಸರು ಯಾಕೆ ತೆಗೆದೆ? ಅವಳನ್ನು ಉಳಿಸಲು. ಉಳಿಸಿದವನ ಮೇಲೆ ಮುನಿಸು ಒಳ್ಳೆಯದಲ್ಲ. ಅವಳು ನಾಳೆ ಸರಿಹೋಗುತ್ತಾಳೆ. ಹೆಂಗಸರ ಸಿಟ್ಟು ತಂದೂರಿನ ಬೆಂಕಿಯ ಹಾಗೆ, ರೊಟ್ಟಿ ಬೇಯುವಷ್ಟು ಹೊತ್ತು.

ಸುದ್ದಿ ಕೇಳು: ನಿನ್ನ ಹಾಡಿಗೆ ರೇಡಿಯೊದವರು ರಾಗ ಹಾಕಿದ್ದಾರೆ. ಮಕ್ಕಳ ತಂಡ ಹಾಡಿದೆ. ದಿನಾ ಬೆಳಿಗ್ಗೆ ಬರುತ್ತದೆ. ಮೇಲಿನವರೊಬ್ಬರು ನನ್ನನ್ನು ಕರೆಸಿ ‘ಈ ನಗುವ ಕೂಸು ಎಲ್ಲಿಂದ ತಂದೆ?’ ಎಂದು ಬೆನ್ನು ತಟ್ಟಿದರು.

ನಿನ್ನ ಅಣ್ಣ

*

ಕೊಕ್‌ತೆಪಾ
24 ಸೆಪ್ಟೆಂಬರ್ 1984

ಅಣ್ಣನವರಿಗೆ,

ಬೇಸಗೆಯಲ್ಲಿ ನಾನು ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಹೊಲದ ಕಂಬದ ಮೇಲಿನ ಧ್ವನಿವರ್ಧಕ ದಿನವೂ ಆ ಹಾಡು ಹಾಡುತ್ತದೆ. ಬೀಬಿಸಾರಾ ಅದರ ಕೆಳಗೇ ಬಗ್ಗಿ ಕೆಲಸ ಮಾಡುತ್ತಾಳೆ. ಈಗ ಹೊಲದಲ್ಲಿ ಯಾರೂ ಹಾಡು ಕಟ್ಟುವುದಿಲ್ಲ. ನಾನು ಶುರು ಮಾಡಿದರೆ ಹಿಂದಿನ ಸಾಲಿನವರು ಎತ್ತಿಕೊಳ್ಳುವುದಿಲ್ಲ. ‘ಹಾಡಬ್ಯಾಡ್ರೇ, ತಾಷ್ಕೆಂಟಿಗೆ ಹೋದೀತು’ ಎನ್ನುತ್ತಾರೆ.

ಈಗ ಬರೆಯಲೇಬೇಕಾಗಿದೆ. ಮೊನ್ನೆ ಮತ್ತೆ ವಿಮಾನ ಬಂತು. ಹೆಂಗಸರು ಹೊಲದಲ್ಲಿದ್ದರು. ಎಶ್‌ಮುರಾದ್ ಏನೂ ಕೂಗಾಡಲಿಲ್ಲ. ಟ್ರಾಕ್ಟರ್ ಹೊಡೆದುಕೊಂಡು ಹೋಗಿ ವಿಮಾನ ಏರುವ ಮಣ್ಣುಹಾದಿಗೆ ಅಡ್ಡ ನಿಲ್ಲಿಸಿದ, ಇಂಜಿನ್ ಮೇಲೆ ಕೂತ. ವಿಮಾನ ಹೊಡೆಯುವವನು ‘ಸರೀತೀಯೋ ಇಲ್ಲೋ’ ಎಂದರೆ, ‘ನನ್ನ ಮ್ಯಾಲೆ ಹತ್ತಿಸು. ನಗ್ತೀನಿ ನೋಡು’ ಎಂದನಂತೆ. ಪೊಲೀಸರು ಬಂದು ಎಳೆದುಕೊಂಡು ಹೋದರು. ಕೊಯ್ಲಿಗೆ ಅಡ್ಡಿ ಮಾಡಿದ್ದು ದೊಡ್ಡ ಅಪರಾಧ, ವರ್ಷಗಟ್ಟಲೆ ಒಳಗೆ ಹಾಕುತ್ತಾರೆ ಎಂದು ಹೋಲ್ಮತ್ ಅಂಗಳಕ್ಕೇ ಬಂದು ಹೇಳಿಹೋದ. ಅವ್ವ ಬಾಗಿಲಲ್ಲಿ ಕೂತವಳು ಏಳುತ್ತಿಲ್ಲ.

ಅಣ್ಣ, ನಿಮಗೆ ದೊಡ್ಡವರು ಗೊತ್ತು. ನಮ್ಮ ತಮ್ಮನನ್ನು ಬಿಡಿಸಿ. ಬೇರೆ ಯಾವುದರ ಬಗ್ಗೆಯೂ ನಾನಿನ್ನು ಬಾಯಿ ಬಿಡುವುದಿಲ್ಲ.

ರಿಸೋಲತ್

*

ತಾಷ್ಕೆಂಟ್
20 ಅಕ್ಟೋಬರ್ 1984

ತಂಗಿ,

ಓಡಾಡಿ ಓಡಾಡಿ ನನ್ನ ಬೂಟು ಸವೆದವು. ದಾರಿ ಸಿಕ್ಕಿದೆ.

ಡಿಸೆಂಬರಿನಲ್ಲಿ ಇಲ್ಲಿ ಕೊಯ್ಲಿನ ಹಬ್ಬದ ದೊಡ್ಡ ಸಭೆ. ನಿನಗೆ ಬಹುಮಾನ ಕೊಡುತ್ತಾರೆ. ನೀನು ಬಂದು ಆ ಹಾಡನ್ನು ನಿನ್ನ ಬಾಯಿಂದ ಹೇಳಬೇಕು. ರೇಡಿಯೊದಲ್ಲಿ ನೇರವಾಗಿ ಬರುತ್ತದೆ. ‘ಇಂಥ ಹೆಣ್ಣಿನ ತಮ್ಮ ಕೊಯ್ಲಿನ ವೈರಿ ಹೇಗಾದಾನು? ಮಗು ಸತ್ತ ದುಃಖಕ್ಕೆ ಕುಡಿದಿದ್ದ, ಅಷ್ಟೆ’ ಎಂದು ನಾನು ಹೇಳುವುದಕ್ಕೆ ಆಗ ಜಾಗವಾಗುತ್ತದೆ. ಅವರು ಒಪ್ಪಿದ್ದಾರೆ.

ಅಚ್ಚಾದಂತೆಯೇ ಹೇಳಬೇಕು. ಒಂದು ಅಕ್ಷರ ಆಚೀಚೆ ಆದರೂ ಎಶ್‌ಮುರಾದ್ ಅಲ್ಲೇ ಕೊಳೆಯುತ್ತಾನೆ, ಜೊತೆಗೆ ನಾನೂ. ಅಟ್ಲಾಸ್ ರೇಷ್ಮೆಯ ಉಡುಪು ಇಲ್ಲೇ ಹೊಲಿಸಿಟ್ಟಿದ್ದೇನೆ.

ನಾನು ನಿನಗೆ ಕೆಟ್ಟದ್ದು ಬಯಸುವವನಲ್ಲ ಎಂದು ನಿನಗೆ ಗೊತ್ತು.

ಅಣ್ಣ

*

ಕೊಕ್‌ತೆಪಾ
30 ಜನವರಿ 1985

ಅಣ್ಣನವರಿಗೆ,

ಎಶ್‌ಮುರಾದ್ ಮನೆಗೆ ಬಂದ. ಹಲ್ಲು ಮುರಿದಿವೆ. ಉಳಿದಂತೆ ನಡೆಯುತ್ತಾನೆ, ಉಣ್ಣುತ್ತಾನೆ.

ಸಭೆಯ ದಿನ ನೀವು ನನ್ನ ಮೊಣಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿದಿರಿ. ‘ಒಂದು ಅಕ್ಷರ ತಪ್ಪಬಾರದು’ ಎಂದು ಕಿವಿಯಲ್ಲಿ ಮತ್ತೆ ಮತ್ತೆ ಹೇಳಿದಿರಿ. ನಿಮಗೂ ಭಯ ಇತ್ತು ಎಂದು ತಿಳಿಯಿತು, ಅದಕ್ಕೇ ನಾನು ಚೆನ್ನಾಗಿ ಹೇಳಿದೆ. ಕಡೆಯ ಸಾಲಿನಲ್ಲಿ ನಕ್ಕೆ ಕೂಡ. ಫೋಟೊದವರು ಇನ್ನೊಮ್ಮೆ ನಗು ಎಂದರು, ಇನ್ನೊಮ್ಮೆ ನಕ್ಕೆ.

ಅದೇ ಹೊತ್ತಿಗೆ ಎಶ್‌ಮುರಾದ್‌ನ ಸೆರೆಕೋಣೆಯ ಹೊರಗೆ ಪೊಲೀಸರು ರೇಡಿಯೊ ಜೋರು ಮಾಡಿ, ‘ಕೇಳಲೇ, ನಿಮ್ಮಕ್ಕ ನಿನ್ನ ಬಿಡಿಸಾಕತ್ಯಾಳ’ ಎಂದರಂತೆ. ಹೊಸ್ತಿಲು ದಾಟುವ ಮೊದಲೇ ಎಶ್‌ಮುರಾದ್ ನನ್ನನ್ನು ಕೇಳಿದ: ‘ನನ್ನ ಮಗ ನಕ್ಕಿದ್ದಕ್ಕ ನನ್ನ ಬಿಟ್ರೇನು?’ ಹೌದು ಎಂದೆ. ‘ಹಂಗಾರ ಅವನು ನನಗಿಂತ ಹೆಚ್ಚು ದುಡದ’ ಎಂದ.

ಹಿಮ ಕರಗಿದ ಮೇಲೆ ರಷ್ಯಾದ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾನಂತೆ. ಬೀಬಿಸಾರಾ ಅವನ ಜೊತೆ ಹೋಗುವುದಿಲ್ಲ, ತವರಿಗೂ ಹೋಗುವುದಿಲ್ಲ. ಅವ್ವನ ಪಕ್ಕದಲ್ಲಿ ಹಾಸಿಗೆ ಹಾಸಿಕೊಂಡಿದ್ದಾಳೆ.

ರೇಷ್ಮೆಯ ಉಡುಪನ್ನು ಅಂಚೆಯಲ್ಲಿ ವಾಪಸು ಕಳಿಸಿದ್ದೇನೆ.

ರಿಸೋಲತ್

*

ತಾಷ್ಕೆಂಟ್
17 ಮೇ 1988

ನನ್ನ ರಿಸೋಲತ್,

ಮೂರು ವರ್ಷವಾಯಿತು. ನಾನು ಬರೆದದ್ದಕ್ಕೆಲ್ಲ ‘ಅವ್ವ ಕ್ಷೇಮ’ ಎಂಬ ಎರಡು ಮಾತಿನ ಕಾರ್ಡು ಕಳಿಸುತ್ತೀಯ. ಇವತ್ತು ಸಿಟ್ಟು ಬಿಡು. ಒಳ್ಳೆಯ ಸುದ್ದಿ ಇದೆ.

ಕಾಲ ತಿರುಗಿದೆ. ಆ ಮದ್ದನ್ನು ನಿಲ್ಲಿಸಿದ್ದಾರೆ, ನಿನಗೆ ಗೊತ್ತೇ ಇದೆ. ಈಗ ಎಲ್ಲ ಪತ್ರಿಕೆಗಳಿಗೂ ನಿಜ ಬೇಕು. ನಿನ್ನೆ ನಕ್ಕವರು ಇವತ್ತು ಅಳುವುದಕ್ಕೆ ಸಾಲು ನಿಂತಿದ್ದಾರೆ. ನಮ್ಮ ಹತ್ತಿರ ನಿಜವಾದ ಹಾಡೇ ಇದೆಯಲ್ಲ! ಎಲೆ ಬಿದ್ದ ಸಾಲಿನೊಡನೆ ಅಚ್ಚು ಹಾಕೋಣ, ಹೇಗೆ ಅದನ್ನು ಬದಲಿಸಬೇಕಾಯಿತು ಎಂಬುದನ್ನೂ ಬರೆಯೋಣ. ಈ ಸಲ ಬೀಬಿಸಾರಾಳ ಹೆಸರೂ ಇರಲಿ. ಅವಳ ಒಂದು ಫೋಟೊ, ಸಾಧ್ಯವಾದರೆ ಆ ತೊಟ್ಟಿಲಿನದೂ.

ಅವಳ ಒಪ್ಪಿಗೆ ಕೇಳಿ ಬೇಗ ಬರೆ. ಬೇರೆ ಊರುಗಳಿಂದಲೂ ಇಂಥವು ಬರುತ್ತಿವೆ. ತಡವಾದರೆ ನಮ್ಮದು ಹತ್ತರಲ್ಲಿ ಒಂದಾಗುತ್ತದೆ.

ಅಣ್ಣ

*

ಕೊಕ್‌ತೆಪಾ
8 ಜೂನ್ 1988

ಅಣ್ಣನವರಿಗೆ,

ಕೇಳಿದೆ. ಇಷ್ಟು ವರ್ಷಗಳ ಮೇಲೆ ಬೀಬಿಸಾರಾ ನನ್ನೊಡನೆ ಬಾಯಿ ಬಿಟ್ಟಳು. ಅವಳು ಅಂದದ್ದು ಅಂದಂತೆ:

‘ಅವತ್ತ ನಗಿಸಿದ. ಈಗ ಅಳಸಾಕ ಬಂದಾನೇನು? ಅಕ್ಕಾ, ಒಂದು ಕೂಸಿನ ಕೈಲೆ ಎಷ್ಟಂತ ದುಡಿಸ್ತೀರಿ? ಮಣ್ಣಾಗ ಮಲಗೈತಿ. ಮಲಗಲಿ ಬಿಡ್ರಿ.’

ಇದೇ ಉತ್ತರ. ಅಚ್ಚು ಹಾಕಬೇಡಿ.

ರಿಸೋಲತ್

*

ತಾಷ್ಕೆಂಟ್
14 ನವೆಂಬರ್ 1988

ರಿಸೋಲತ್,

ನಿನ್ನ ಪತ್ರ ತಲುಪುವಷ್ಟರಲ್ಲಿ ಪುಟ ಕಟ್ಟಿಯಾಗಿತ್ತು ಎಂದು ಹೇಳಬಹುದು. ಸುಳ್ಳು ಹೇಳುವುದಿಲ್ಲ. ತಲುಪಿತ್ತು. ಒಬ್ಬ ತಾಯಿಯ ಮುನಿಸಿಗಿಂತ ಇದು ದೊಡ್ಡದು ಅನಿಸಿತು. ಬೀಬಿಸಾರಾ ಹೆಸರು ಬೇಡವೆಂದಳು, ನೀನೂ ಬೇಡವೆಂದೆ. ಹೆಸರಿಲ್ಲದೆ ಹಾಕಲಾಗುವುದಿಲ್ಲ. ಅದಕ್ಕೇ ನನ್ನ ಹೆಸರು ಹಾಕಿದೆ. ನಾನೂ ಆ ಕೂಸಿನ ದೊಡ್ಡಪ್ಪನೇ ಅಲ್ಲವೆ? ನನಗೂ ದುಃಖದ ಹಕ್ಕಿಲ್ಲವೆ?

ಸೆಪ್ಟೆಂಬರ್ ಸಂಚಿಕೆ ನಿಮಗೆ ತಲುಪಿರಬೇಕು. ಕಾಗದಗಳು ಮೂಟೆಗಟ್ಟಲೆ ಬರುತ್ತಿವೆ. ಒಬ್ಬಳು ತಾಯಿ ತನ್ನ ಸತ್ತ ಮಗಳ ಕೂದಲು ಲಕೋಟೆಯಲ್ಲಿಟ್ಟು ಕಳಿಸಿದ್ದಾಳೆ. ನೀನು ಇದನ್ನೆಲ್ಲ ನೋಡಿದ್ದರೆ ನನ್ನನ್ನು ಹೀಗೆ ದೂರ ಇಡುತ್ತಿರಲಿಲ್ಲ.

ವಸಂತದ ನವ್ರೂಜ್ ಹಬ್ಬಕ್ಕೆ ಟಿವಿಯವರನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ಹೊಲ, ಮನೆ, ಅವ್ವ, ಎಲ್ಲವನ್ನೂ ತೋರಿಸಬೇಕಂತೆ. ಅವ್ವನಿಗೆ ಹಳೆಯ ಜೋಗುಳ ಒಂದೆರಡು ನೆನಪು ಮಾಡಿಕೊಳ್ಳಲು ಹೇಳು. ಇದರ ಜೊತೆ ಅವಳಿಗೊಂದು ಉಣ್ಣೆಯ ಶಾಲು ಕಳಿಸಿದ್ದೇನೆ, ಮಂಡಿಯ ಮೇಲೆ ಹೊದ್ದುಕೊಳ್ಳಲಿ. ಬೇಸಗೆಯಿಂದ ಅವಳ ಒಂದು ಮಾತೂ ಬಂದಿಲ್ಲ. ನಿನಗೆ ಸಿಟ್ಟಿದ್ದರೆ ಇರಲಿ. ಅವ್ವನ ಮಾತನ್ನು ಯಾಕೆ ತಡೆಯುತ್ತೀಯ?

ನಾರ್ಮುರಾದ್

*

ಕೊಕ್‌ತೆಪಾ
26 ಫೆಬ್ರವರಿ 1989

ನಾರ್ಮುರಾದ್,

ಶಾಲನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟೆ. ಅವ್ವ ಅಕ್ಟೋಬರಿನಲ್ಲಿ ತೀರಿಕೊಂಡಳು. ನೀನು ಜೋಗುಳ ಕೇಳಿ ಬರೆಯುವ ಹೊತ್ತಿಗೆ ಅವಳ ಮೇಲಿನ ಮಣ್ಣು ಒಣಗಿತ್ತು.

ಹತ್ತಿ ಬಿಡಿಸುವ ಕಾಲ. ಎದೆ ನೋವೆಂದು ಮಲಗಿದವಳು ಏಳಲಿಲ್ಲ. ನಾಲ್ಕಾರು ದಿನ ಇದ್ದಳು. ತಂತಿ ಕೊಟ್ಟಿದ್ದರೆ ನೀನು ಬಂದು ಮುಖ ನೋಡಬಹುದಿತ್ತು. ‘ನಾರ್ಮುರಾದ್ ಬಂದ್ನೇನು?’ ಎಂದು ಕೇಳುತ್ತಲೇ ಇದ್ದಳು. ‘ಹಾದಿಯಾಗ ಅದಾನವ್ವಾ’ ಎಂದೆ. ಬಾಗಿಲ ಸದ್ದಾದರೆ ಕಣ್ಣು ತೆರೆಯುತ್ತಿದ್ದಳು. ಅಂಚೆ ಮನೆ ನಮ್ಮ ಓಣಿಯ ಕೊನೆಯಲ್ಲಿದೆ. ನಾನು ಹೋಗಲಿಲ್ಲ.

ಎಶ್‌ಮುರಾದ್‌ಗೆ ತಂತಿ ಕೊಡಲು ಬೀಬಿಸಾರಾ ಹೋದಳು. ಅವನು ಮಣ್ಣು ಕೊಡುವ ಹೊತ್ತಿಗೆ ಬಂದು ಮುಟ್ಟಿದ. ಹಿರಿಯ ಮಗ ಎಲ್ಲಿ ಎಂದು ಊರವರು ಕೇಳಿದರು. ಹೇಳಿ ಕಳಿಸಿದ್ದೇವೆ, ಬಿಡುವಿಲ್ಲವಂತೆ ಎಂದೆ. ನಂಬಿದರು. ಈಗ ಕೊಕ್‌ತೆಪಾದಲ್ಲಿ ನೀನು ತಾಯಿಯ ಮಣ್ಣಿಗೆ ಬಾರದ ಮಗ. ಇದನ್ನು ಮಾಡಿದವಳು ನಾನು. ಎಶ್‌ಮುರಾದ್‌ಗೆ ಗೊತ್ತಿಲ್ಲ, ಬೀಬಿಸಾರಾಳಿಗೆ ಗೊತ್ತಿದೆ. ನಿನ್ನ ಪತ್ರಿಕೆಯ ಆ ಸಂಚಿಕೆ ಬಂದಾಗ ಅವಳು ಅದನ್ನು ಓದಿ, ಮಡಚಿ, ಅವ್ವನ ಕಣ್ಣಿಗೆ ಬೀಳದ ಹಾಗೆ ತಂದೂರಿಗೆ ಹಾಕಿದ್ದಳು.

ಯಾಕೆ ತಿಳಿಸಲಿಲ್ಲ ಎಂದು ನೀನು ಕೇಳುತ್ತೀಯ. ತಿಳಿಸಿದ್ದರೆ ಬರುತ್ತಿದ್ದೆ. ಹೆಂಗಸರು ಅಳುವಾಗ ಬಾಗಿಲಾಚೆ ಕೂತು ಕೇಳುತ್ತಿದ್ದೆ. ನಿಜವಾಗಿಯೂ ಅಳುತ್ತಿದ್ದೆ, ನನಗೆ ಗೊತ್ತು. ಅಳುತ್ತಲೇ ಬರೆದುಕೊಳ್ಳುತ್ತಿದ್ದೆ.

ಅವ್ವನ ಹಾಸಿಗೆಯ ಪಕ್ಕ ಕೂತು ಬೀಬಿಸಾರಾ ಹಾಡಿದಳು. ಈ ಸಲ ಮೊದಲ ಸಾಲೂ ಅವಳದೇ, ಕಡೆಯದೂ ಅವಳದೇ. ನಡುವೆ ನನ್ನ ಕಡೆ ನೋಡಿದಳು, ನಾನು ಎತ್ತಿಕೊಂಡೆ, ಹಿಂದಿನವರು ಎತ್ತಿಕೊಂಡರು. ಹೋಲ್ಮತ್‌ನ ಹೆಂಡತಿ ಕೂಡ ಎದೆ ಬಡಿದುಕೊಂಡು ಅತ್ತಳು. ಅಂಥ ಹಾಡನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಅವ್ವನನ್ನು ಆ ಹಾಡು ಕಂಡ ಹಾಗೆ ಯಾರೂ ಕಂಡಿರಲಿಲ್ಲ, ನೀನೂ, ನಾನೂ.

ಅದರ ಒಂದು ಸಾಲನ್ನೂ ಇಲ್ಲಿ ಬರೆಯುವುದಿಲ್ಲ.

ನವ್ರೂಜ್‌ಗೆ ಬರುವುದಾದರೆ ಬಾ. ಟಿವಿಯವರನ್ನೂ ಕರೆದುಕೊಂಡು ಬಾ. ಸಮಾಧಿ ಅಪ್ಪನ ಪಕ್ಕದಲ್ಲಿದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಚಹಾ ಕೊಡುತ್ತೇವೆ, ರೊಟ್ಟಿ ಮುರಿದು ಮುಂದಿಡುತ್ತೇವೆ. ಯಾರೂ ನಿನ್ನನ್ನು ತಡೆಯುವುದಿಲ್ಲ. ನಿನ್ನೆದುರು ಯಾರೂ ಹಾಡುವುದೂ ಇಲ್ಲ.

ರಿಸೋಲತ್